ಒಂದು ಗಂಟೆ ಐವತ್ತು ನಿಮಿಷ

ಹನ್ನೊಂದು ಹತ್ತಕ್ಕೆ ಅವನ ಲೆಕ್ಕ ಮುಗಿಯಿತು. ವಿಮಾನಕ್ಕೆ ಮಾತ್ರ ಇಳಿಯುವ ಯಾವ ಅವಸರವೂ ಇದ್ದಂತೆ ಕಾಣಲಿಲ್ಲ. ಕಿಟಕಿಯ ಪಕ್ಕದಲ್ಲಿ ಅತ್ತೆ, ನಡುವೆ ಅವನು, ಓಡಾಡುವ ದಾರಿಯ ಕಡೆಗೆ, ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದ ಒಬ್ಬ ದಢೂತಿ ಮನುಷ್ಯ. ಅತ್ತೆ ಎಡಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡಿದ್ದರು. ಗಡಿಯಾರವನ್ನು ಮಣಿಕಟ್ಟಿನ ಒಳಮಗ್ಗುಲಿಗೆ ಕಟ್ಟಿಕೊಳ್ಳುವುದು ಅವರ ಅಭ್ಯಾಸ. ಬಟ್ಟೆ ಕತ್ತರಿಸುವಾಗ ಗಾಜಿಗೆ ಕತ್ತರಿ ತಾಗಬಾರದು ಅಂತ ನಲವತ್ತು ವರ್ಷದ ಹಿಂದೆ ಶುರು ಮಾಡಿದ್ದು, ಹೊಲಿಗೆ ಅಂಗಡಿ ಮುಚ್ಚಿದ ಮೇಲೂ ಬಿಟ್ಟಿರಲಿಲ್ಲ. ಅಂಗೈಯನ್ನು ಚೂರು ವಾಲಿಸಿದರೆ ಸಾಕು, ಗಂಟೆ ಕಾಣುತ್ತಿತ್ತು. ಅವರು ವಾಲಿಸಿದರು. ಅವನು ಕಣ್ಣು ತಪ್ಪಿಸಿ ಮುಂದಿನ ಕುರ್ಚಿಯ ಬೆನ್ನನ್ನು, ಅದರಲ್ಲಿ ಯಾರೋ ಉಗುರಿನಿಂದ ಗೀರಿದ ಗೆರೆಯನ್ನು, ಬಹಳ ಆಸಕ್ತಿಯಿಂದ ನೋಡತೊಡಗಿದ.

"ಅಳಿಯಂದಿರೇ, ಇಳೀತಾ ಇದೆಯಾ?" ಅಂದರು ಅತ್ತೆ.

"ಇನ್ನೇನು ಅತ್ತೆ. ಸ್ವಲ್ಪ ಹೊತ್ತು."

ಸ್ವಲ್ಪ ಹೊತ್ತು ಅಂದರೆ ಎಷ್ಟು ಹೊತ್ತು? ಬೇರೆ ಯಾರಾದರೂ ಹೀಗೆಂದಿದ್ದರೆ ನಡೆದುಹೋಗುತ್ತಿತ್ತು. ಅವನು ಅನ್ನುವ ಹಾಗಿರಲಿಲ್ಲ, ಯಾಕೆಂದರೆ ಅವನ ಹೊಟ್ಟೆಪಾಡೇ ಅದು. ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ, ಮಧ್ಯಾಹ್ನ ಬಿಸಿಲು ಬಿದ್ದರೆ ಪರದೆಯ ಅಕ್ಷರವೇ ಕಾಣದಂಥ ಒಂದು ಕೋಣೆಯಲ್ಲಿ, ಇನ್ನಿಬ್ಬರ ಜೊತೆ ಕೂತು ಅವನು ದಿನವಿಡೀ ಬರೆಯುತ್ತಿದ್ದದ್ದು ಇಷ್ಟೇ: ಆ ಊರಿನಿಂದ ಈ ಊರಿಗೆ ಎಷ್ಟು ದೂರ, ವಿಮಾನದಲ್ಲಿ ಹೋದರೆ ಎಷ್ಟು ಹೊತ್ತು. ಜನ ಫೋನಿನಲ್ಲಿ ಹುಡುಕಿದರೆ ತೆರೆದುಕೊಳ್ಳುವ ಪುಟಗಳು. ಎರಡು ಊರಿಗೆ ಒಂದು ಪುಟ, ದಿನಕ್ಕೆ ನಲವತ್ತು ಪುಟ. ಕೆಲಸಕ್ಕೆ ಸೇರಿದ ದಿನವೇ ಯಜಮಾನರು ಸೂತ್ರ ಹೇಳಿಕೊಟ್ಟಿದ್ದರು. "ನಕ್ಷೆ ಮೇಲೆ ನೂಲು ಹಿಡಿದ ಹಾಗೆ ನೇರ ಅಳತೆ ತಗೋ. ಎಂಟುನೂರರಿಂದ ಭಾಗಿಸು. ಏರೋಕೆ ಇಳಿಯೋಕೆ ಅಂತ ಅರ್ಧ ಗಂಟೆ ಸೇರಿಸು. ಮುಗೀತು." ಮೊದಲ ವಾರದ ಹುಮ್ಮಸ್ಸಿನಲ್ಲಿ ಅವನು, "ಸಾರ್, ವಿಮಾನ ಹಾಗೆ ನೇರವಾಗಿ ಹೋಗುತ್ತಾ?" ಅಂತ ಕೇಳಿಬಿಟ್ಟಿದ್ದ. "ನೀನು ಹೋಗ್ತೀಯೇನಯ್ಯಾ? ಓದೋನು ತಾನೆ ಹೋಗೋದು. ಓದೋನಿಗೆ ಬೇಕಾಗಿರೋದು ಒಂದು ಅಂಕಿ, ಕೊಡು ಅವನಿಗೆ," ಅಂದಿದ್ದರು ಯಜಮಾನರು. ಅಂದಿನಿಂದ ಆರು ವರ್ಷ ಅವನು ಅಂಕಿ ಕೊಟ್ಟಿದ್ದ. ಎಷ್ಟು ಸಾವಿರ ಪುಟವೋ. ಯಾವ ಪುಟದಲ್ಲೂ 'ಸುಮಾರು' ಅಂತ ಸಹ ಬರೆಯುವಂತಿರಲಿಲ್ಲ, ಸುಮಾರು ಅಂದರೆ ಜನ ಬೇರೆ ಪುಟಕ್ಕೆ ಹೋಗಿಬಿಡುತ್ತಾರಂತೆ. ವಿಮಾನದ ಒಳಗೆ ಅವನು ಕಾಲಿಟ್ಟದ್ದು ಮಾತ್ರ ಇವತ್ತೇ ಮೊದಲು. ಹತ್ತಿದ ಮೇಲೆ ಅದು ನೆಲದ ಮೇಲೆಯೇ ಇಪ್ಪತ್ತು ನಿಮಿಷ ಬಸ್ಸಿನ ಹಾಗೆ ಉರುಳಾಡಿದ್ದು ಕಂಡು ಅವನಿಗೆ ತನ್ನ ಸೂತ್ರದ ಮೇಲೆ ನಾಚಿಕೆಯಾಗಿತ್ತು.

ಹೆಂಡತಿಯ ಮನೆಯಲ್ಲಿ ಈ ಕೆಲಸ ಒಂದು ತಮಾಷೆಯ ವಿಷಯ. ಅವನ ಷಡ್ಡಕ ಕಟ್ಟಡ ಕಟ್ಟಿಸುವವನು, ನಾಲ್ಕು ಜನ ಸೇರಿದರೆ ಸಾಕು, "ನಮ್ಮ ಷಡ್ಡಕರು ಕುರ್ಚಿ ಬಿಟ್ಟೇಳದೆ ಭೂಮಿ ಅಳೀತಾರಪ್ಪಾ" ಅಂತ ತೊಡೆ ತಟ್ಟಿಕೊಂಡು ನಗುತ್ತಿದ್ದ. ಎಲ್ಲರೂ ನಗುತ್ತಿದ್ದರು, ಅವನೂ ನಗುತ್ತಿದ್ದ, ಮನೆಗೆ ಬಂದು ಹೆಂಡತಿಯ ಮೇಲೆ ಸಣ್ಣದಕ್ಕೆಲ್ಲ ರೇಗುತ್ತಿದ್ದ. ನಗದಿದ್ದವರು ಅತ್ತೆ ಒಬ್ಬರೇ. "ಅಳತೆ ಅಂದ್ರೆ ಹುಡುಗಾಟ ಅಂದ್ಕೊಂಡಿದ್ದೀರೇನು? ಒಂದು ಬೆರಳು ಆಚೀಚೆ ಆದ್ರೆ ತೋಳು ಮೇಲೇರಿ ಕೂರುತ್ತೆ," ಅಂದಿದ್ದರು ಒಮ್ಮೆ, ಊಟದ ನಡುವೆ, ತಲೆಯೆತ್ತದೆ. ಅಷ್ಟೇ ಮಾತು. ಆ ಹೆಂಗಸು ಅವನನ್ನು ತನ್ನ ಕಸುಬಿನವನೆಂದೇ ತಿಳಿದಿದ್ದರು. ತಾನು ಟೇಪು ಹಿಡಿದು ಮೈ ಅಳೆದ ಹಾಗೆ ಅಳಿಯ ಊರೂರ ನಡುವೆ ಟೇಪು ಹಿಡಿಯುತ್ತಾನೆ ಎಂದು. ಹದಿನಾಲ್ಕು ವರ್ಷದಲ್ಲಿ ಆ ಮನೆಯಿಂದ ಅವನಿಗೆ ದಕ್ಕಿದ ಮರ್ಯಾದೆ ಅಂದರೆ ಅದೊಂದೇ. ಅದನ್ನು ಕಳೆದುಕೊಳ್ಳಲು ಅವನಿಗೆ ಮನಸ್ಸಿರಲಿಲ್ಲ, ಇರುವುದನ್ನು ಇದ್ದ ಹಾಗೆ ಹೇಳಬೇಕಲ್ಲ.

ವಿಮಾನ ಒಮ್ಮೆ ಕುಲುಕಿತು. ಅತ್ತೆ ಎರಡೂ ಮೊಣಕಾಲನ್ನು ಒತ್ತಿ ಜೋಡಿಸಿಕೊಂಡದ್ದನ್ನು ಅವನು ಕಂಡ. ಕಂಡೂ ಕಾಣದ ಹಾಗಿದ್ದ. ಕಾಣಬಾರದ ವಿಷಯ ಅದು. ಹದಿನೈದು ದಿನದ ಹಿಂದೆ ಹೆಂಡತಿ ಆ ಊರಿನಿಂದ ಫೋನು ಮಾಡಿದಾಗ ಧ್ವನಿ ಇಳಿಸಿ ಹೇಳಿದ್ದಳು. ಚಿಕ್ಕಮ್ಮನ ಸೇವೆಗೆಂದು ಹೋಗಿ ಅವಳು ಆಗಲೇ ಒಂದು ತಿಂಗಳಾಗಿತ್ತು. "ರೀ, ಚಿಕ್ಕಮ್ಮನ ಹೃದಯ ಸೋತುಹೋಗಿದೆಯಂತೆ. ದಿನಾ ಅಕ್ಕನ್ನ ನೋಡಬೇಕು, ಅಕ್ಕನ್ನ ನೋಡಬೇಕು ಅಂತಾರೆ. ಅಮ್ಮನ್ನ ಕರ್ಕೊಂಡು ಬನ್ನಿ. ಬಸ್ಸಲ್ಲಿ ಹದಿನೆಂಟು ಗಂಟೆ ಅವಳ ಕೈಲಾಗಲ್ಲ. ವಿಮಾನ ಆದ್ರೂ ಎರಡು ಗಂಟೆ ಮೇಲಾದ್ರೆ ಅಮ್ಮ ಬರಲ್ಲ." ಯಾಕೆ ಅಂತ ಅವನು ಕೇಳಿದ. "ಅವಳಿಗೆ ತಡ್ಕೊಳ್ಳೋಕಾಗಲ್ಲ ರೀ. ಅಲ್ಲಿ ಹೋಗೋಕೂ ಭಯ. ಹಿಂದೆ ರೈಲಲ್ಲಿ ಬಾತ್ರೂಮಿಗೆ ಹೋದಾಗ ಚಿಲಕ ಸಿಕ್ಕಿಹಾಕ್ಕೊಂಡು ಎರಡು ಸ್ಟೇಷನ್ ಕೂಗ್ಕೊಂಡಿದ್ಲು, ಯಾರಿಗೂ ಕೇಳಿಸಿರಲಿಲ್ಲ. ಆಮೇಲೆ ಹೊರಗೆ ಎಲ್ಲೂ ಬಾಗಿಲು ಹಾಕ್ಕೊಂಡವಳಲ್ಲ. ನಾನು ಹೇಳಿದೆ ಅಂತ ಗೊತ್ತಾದ್ರೆ ನನ್ನ ಸುಮ್ನೆ ಬಿಡಲ್ಲ. ಅದರಲ್ಲೂ ಅಳಿಯನಿಗೆ ಗೊತ್ತಾಯ್ತು ಅಂದ್ರೆ ಮುಗೀತು."

ಹಾಗಾಗಿ ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಹಾಗೆಯೇ ಅವತ್ತು ಸಂಜೆ ಅತ್ತೆಯ ಎದುರು ಕೂತ. "ಎಷ್ಟು ಹೊತ್ತಾಗುತ್ತೆ ಅಳಿಯಂದಿರೇ, ವಿಮಾನದಲ್ಲಿ?" ಅಂತ ಅವರು ಕೇಳಿದರು. ನಾಲಿಗೆಯ ತುದಿಯಲ್ಲೇ ಇತ್ತು, ಆ ಪುಟ ಬರೆದವನು ಅವನೇ. "ಸಾವಿರದ ಅರವತ್ತೇಳು ಕಿಲೋಮೀಟರು ಅತ್ತೆ. ಒಂದು ಗಂಟೆ ಐವತ್ತು ನಿಮಿಷ." ಫೋನಿನಲ್ಲಿ ಪುಟ ತೆರೆದು ತೋರಿಸಿದ ಕೂಡ. ಅತ್ತೆ ಕನ್ನಡಕ ಹುಡುಕಿ ಹಾಕಿಕೊಂಡು, ಒಂದೊಂದೇ ಅಕ್ಷರ ಓದಿ, "ಇದು ನೀವೇ ಬರೆದದ್ದಾ?" ಅಂದರು. "ಹೌದು ಅತ್ತೆ." ಅವರ ಮುಖ ಅರಳಿದ್ದು ನೋಡಬೇಕಿತ್ತು. "ಒಂದು ಐವತ್ತು. ಹತ್ತು ನಿಮಿಷ ಹೊಲಿಗೆಗೆ ಬಿಟ್ರೂ ಎರಡು ಗಂಟೆ. ಹಾಗಾದ್ರೆ ಬರ್ತೀನಿ," ಅಂದರು. ಬಟ್ಟೆ ಕತ್ತರಿಸುವಾಗ ಹೊಲಿಗೆಗೆಂದು ಅಂಚಿನಲ್ಲಿ ಬಿಡುವುದನ್ನು ಅವರು ಎಲ್ಲಕ್ಕೂ ಬಿಡುತ್ತಿದ್ದರು. ಮರುದಿನವೇ ಪಕ್ಕದ ಮನೆಯಾಕೆಗೆ, ಹಾಲು ತರುವವನಿಗೆ, ಕೊನೆಗೆ ಷಡ್ಡಕನಿಗೂ ಸುದ್ದಿ ಹೋಗಿತ್ತು: ನಮ್ಮ ಅಳಿಯಂದಿರೇ ಅಳೆದು ಬರೆದದ್ದು, ಬರೀ ಒಂದು ಗಂಟೆ ಐವತ್ತು ನಿಮಿಷ. ಆ ರಾತ್ರಿ ಕಳೆದು ಬೆಳಗಾದ ಮೇಲೆ ಟಿಕೆಟು ತೆಗೆಯಲು ಕೂತಾಗ ಅವನಿಗೆ ಕಂಡದ್ದು ಬೇರೆ. ಒಂಬತ್ತು ಇಪ್ಪತ್ತಕ್ಕೆ ಹೊರಟು ಹನ್ನೆರಡೂವರೆಗೆ ತಲುಪುವುದು. ಮೂರು ಗಂಟೆ ಹತ್ತು ನಿಮಿಷ. ಎರಡು ಊರುಗಳ ನಡುವೆ ಒಂದಷ್ಟು ಆಕಾಶ ವಿಮಾನಗಳಿಗೆ ಮುಚ್ಚಿದೆಯಂತೆ, ಸಮುದ್ರದ ಮೇಲೆ ಸುತ್ತಿ ಬಳಸಿ ಹೋಗಬೇಕಂತೆ. ನೂಲು ಹಿಡಿದವರು ಯಾರೂ ಅದನ್ನು ನೋಡಿರಲಿಲ್ಲ.

ಹೇಳಬೇಕು ಅಂದುಕೊಂಡ. ಹೇಳಿದರೆ ಅತ್ತೆ ಬರುವುದಿಲ್ಲ. ಬರದಿದ್ದರೆ ಚಿಕ್ಕಮ್ಮ ಅಕ್ಕನ ಮುಖ ನೋಡದೆಯೇ ಹೋಗಿಬಿಡಬಹುದು. ಅದಕ್ಕೇ ಹೇಳಲಿಲ್ಲ ಎಂದು ಅವನು ತನಗೆ ತಾನೇ ಹೇಳಿಕೊಂಡ. ಚೆನ್ನಾಗಿಯೇ ಇತ್ತು ಆ ಸಮಾಧಾನ, ಯಾರೂ ತೆಗೆದುಹಾಕುವ ಹಾಗಿರಲಿಲ್ಲ. ಆದರೆ ಅದರ ಕೆಳಗೆ ಇನ್ನೊಂದು ಕಾರಣ ಮುದುರಿ ಕೂತಿದೆ ಎಂಬುದು ಅವನಿಗೆ ಗೊತ್ತಿತ್ತು. 'ಅತ್ತೆ, ನಾನು ಬರೆದದ್ದು ಸುಳ್ಳು' ಅಂದರೆ ಅವರ ಮುಖ ಹೇಗಾಗುತ್ತದೆ ಎಂದು ಕಲ್ಪಿಸಿಕೊಳ್ಳಲು ಅವನಿಂದ ಆಗಿರಲಿಲ್ಲ. ಇವತ್ತು ಬೆಳಿಗ್ಗೆ ಕೂಡ ಒಂದು ಅವಕಾಶ ಇತ್ತು. ವಿಮಾನ ಹತ್ತಲು ಸಾಲಿನಲ್ಲಿ ನಿಲ್ಲುವ ಮೊದಲು, ಒಂಬತ್ತಕ್ಕೆ ಐದು ನಿಮಿಷ ಇರುವಾಗ, ಅತ್ತೆ ಕೈಚೀಲದಿಂದ ಮಾತ್ರೆ ತೆಗೆದರು. ರಕ್ತದೊತ್ತಡಕ್ಕೆ ಕೊಟ್ಟ, ಮೈಯ ನೀರನ್ನು ಹೊರಗೆ ಹಾಕಿಸುವ ಮಾತ್ರೆ. ಪ್ರತಿ ತಿಂಗಳು ಔಷಧಿ ಅಂಗಡಿಯಿಂದ ತಂದುಕೊಡುವವನು ಅವನೇ, ನುಂಗಿದ ಎರಡೂವರೆ ಗಂಟೆಗೆಲ್ಲ ಅದು ಅವರನ್ನು ಕೂರಲು ಬಿಡುವುದಿಲ್ಲವೆಂದು ಬಲ್ಲ. "ಎದ್ದ ಕೂಡ್ಲೇ ತಗೋಬೇಕಿತ್ತು. ಇವತ್ತು ಲೆಕ್ಕ ಹಾಕಿ ಮುಂದಕ್ಕೆ ಹಾಕಿದೀನಿ, ಇಳಿದ ಮೇಲೆ ಶುರುವಾದ್ರೆ ಸಾಕು," ಅಂದರು, ಏನು ಶುರುವಾಗುವುದು ಎಂದು ಹೇಳದೆ. ಯಾರ ಲೆಕ್ಕ? ಅವನ ಲೆಕ್ಕ. ಒಂದೇ ಗುಟುಕು ನೀರಿನಲ್ಲಿ ನುಂಗಿ, ಉಳಿದ ನೀರನ್ನು ಬಾಟಲಿಯ ಸಮೇತ ತೊಟ್ಟಿಗೆ ಹಾಕಿದರು. ಅವನು ನೋಡುತ್ತಾ ನಿಂತಿದ್ದ. ಬೇಡ ಅತ್ತೆ, ಈಗ ಬೇಡ, ಅಂತ ನಾಲ್ಕು ಮಾತು ಸಾಕಿತ್ತು. ಗಂಟಲಿಗೆ ಬಂದ ಮಾತನ್ನು ಅವನೂ ನುಂಗಿದ.

ಈಗ ಧ್ವನಿವರ್ಧಕ ಕರಕರ ಅಂದಿತು. ಚಾಲಕ ಅತ್ತೆಗೆ ಬಾರದ ಭಾಷೆಯಲ್ಲಿ ಏನೋ ಉದ್ದಕ್ಕೆ ಹೇಳಿದ, ತಲೆಯ ಮೇಲೆ, ಸೊಂಟದ ಪಟ್ಟಿ ಕಟ್ಟಿಕೊಳ್ಳಿ ಎನ್ನುವ ದೀಪ ಹೊತ್ತಿತು, ವಿಮಾನ ಎರಡು ಸಲ ದಡದಡ ಕುಲುಕಿತು. ಗೊರಕೆಯವನು ಬೆಚ್ಚಿ ಎದ್ದ. "ಇನ್ನೂ ಒಂದೂಕಾಲು ಗಂಟೆಯಂತೆ, ಥತ್," ಎಂದು ಯಾರಿಗೂ ಅಲ್ಲದ ಹಾಗೆ ಗೊಣಗಿ ಕಣ್ಣು ಮುಚ್ಚಿದ. ಲೋಕದಲ್ಲಿ ಅಷ್ಟೊಂದು ಜನ ಇದ್ದರು, ಈ ಮಹಾರಾಯ ಇಲ್ಲೇ ಬಂದು ಕೂರಬೇಕಿತ್ತೇ, ಕೂತವನು ಮಲಗಿಯೇ ಇರಬಾರದಿತ್ತೇ.

ಅತ್ತೆ ಕಿಟಕಿಯ ಕಡೆಗೆ ಮುಖ ಮಾಡಿಕೊಂಡೇ ಇದ್ದರು. ಹೊರಗೆ ನೋಡುವಂಥದ್ದು ಏನೂ ಇರಲಿಲ್ಲ, ಬಿಳುಪು. ಬಹಳ ಹೊತ್ತಾದ ಮೇಲೆ, "ಎದುರುಗಾಳಿ ಇರಬೇಕು," ಅಂದರು.

ಅಯ್ಯೋ, ಎಂಥ ಹೆಂಗಸು! ತಾವೇ ಸಂಕಟದಲ್ಲಿದ್ದುಕೊಂಡು ಅವನಿಗೊಂದು ದಾರಿ ಮಾಡಿಕೊಡುತ್ತಿದ್ದರು. ಅವನು ಅದನ್ನು ನಿರಾಕರಿಸಬೇಕಿತ್ತು. ಎದುರುಗಾಳಿಯೂ ಇಲ್ಲ ಏನೂ ಇಲ್ಲ ಅನ್ನಬೇಕಿತ್ತು. "ಹೌದು ಅತ್ತೆ," ಅಂದ, "ಇವತ್ತು ಗಾಳಿ ಬಹಳ." ಹೇಳಿದ ಮೇಲೆ ಕಿವಿಯ ಹಿಂದೆ ಬಿಸಿಯೇರಿತು. ಎರಡನೇ ಕ್ಲಾಸಿನಲ್ಲಿ ಚಡ್ಡಿ ಒದ್ದೆಯಾದಾಗ ಪಕ್ಕದವನು ನೀರು ಚೆಲ್ಲಿದ ಎಂದು ಅವನು ಹೇಳಿದ್ದ. ಪಕ್ಕದವನಿಗೆ ಏಟು ಬಿದ್ದಿತ್ತು. ನಲವತ್ತು ವರ್ಷದ ನಂತರ ಅದೇ ಮುಖ ಹೊತ್ತುಕೊಂಡು ಇಲ್ಲಿ ಕೂತಿದ್ದ. ಆ ಹುಡುಗ ಏಟು ತಿಂದು ಬಂದು ಪಕ್ಕದಲ್ಲೇ ಕೂತಿದ್ದ, ಒಂದು ಮಾತೂ ಆಡಿರಲಿಲ್ಲ. ಅತ್ತೆಯೂ ಆಡಲಿಲ್ಲ. ಅವರ ಹಣೆಯ ಮೇಲೆ, ಕೂದಲಿನ ಅಂಚಿನಲ್ಲಿ, ಸಣ್ಣ ಸಣ್ಣ ಬೆವರ ಹನಿ ಮೂಡಿತ್ತು. ತುಟಿ ಅಲ್ಲಾಡುತ್ತಿತ್ತು. ಏನೋ ಎಣಿಸುತ್ತಿದ್ದರು. ಐದೈದು ನಿಮಿಷಕ್ಕೆ ಅಂಗೈ ವಾಲುತ್ತಿತ್ತು, ಆಮೇಲೆ ಮೂರು ನಿಮಿಷಕ್ಕೆ, ಆಮೇಲೆ ಅವರು ಗಡಿಯಾರ ನೋಡುವುದನ್ನೇ ನಿಲ್ಲಿಸಿದರು. ಅವನು ಕೇಳಬಹುದಿತ್ತು: ಅತ್ತೆ, ಏನಾದರೂ ಬೇಕಾ? ಕೇಳಿದರೆ ತನಗೆ ಗೊತ್ತಿದೆ ಎಂದಾಗುತ್ತದೆ. ಕೇಳದಿದ್ದರೆ ಮರ್ಯಾದೆ ಉಳಿಯುತ್ತದೆ. ಯಾರ ಮರ್ಯಾದೆ, ಅವರದ್ದೋ ತನ್ನದೋ, ಎಂದು ಯೋಚಿಸುವಷ್ಟರಲ್ಲಿ ಅತ್ತೆಯೇ ಅವನ ಕಡೆ ತಿರುಗಿದರು.

"ಅಳಿಯಂದಿರೇ." ಧ್ವನಿ ಹೊರಡಲಿಲ್ಲ. ಮತ್ತೆ ಅಂದರು, "ಅಳಿಯಂದಿರೇ, ನಾನು... ಒಂದಕ್ಕೆ ಹೋಗಬೇಕು."

ಒಂದಕ್ಕೆ. ಶಾಲೆಯ ಮಕ್ಕಳು ಬೆರಳೆತ್ತಿ ಕೇಳುವ ಮಾತು. ಎಪ್ಪತ್ತೊಂದು ವರ್ಷದ ಹೆಂಗಸು, ನೂರಾರು ಜನರನ್ನು ಕನ್ನಡಿಯ ಎದುರು ನೆಟ್ಟಗೆ ನಿಲ್ಲಿಸಿ ಅಳತೆ ತೆಗೆದವರು, ಅಳಿಯನ ಹತ್ತಿರ ಅಪ್ಪಣೆ ಕೇಳುತ್ತಿದ್ದರು. ಅವನಿಗೆ ಅಳು ಬಂದುಬಿಟ್ಟಿತು. "ಬನ್ನಿ ಅತ್ತೆ," ಎಂದು ಎದ್ದ. ದೂರದಿಂದಲೇ ಗಗನಸಖಿ ಕೈ ಆಡಿಸಿ ಕೂರಿ ಕೂರಿ ಅಂದಳು, ಪಟ್ಟಿಯ ದೀಪ ತೋರಿಸಿದಳು. ಜೀವಮಾನದಲ್ಲಿ ಯಾರ ಮುಂದೆಯೂ ಧ್ವನಿಯೇರಿಸದ ಮನುಷ್ಯ, ಕಚೇರಿಯಲ್ಲಿ ಬಿಸಿಲಿಗೊಂದು ಪರದೆ ಹಾಕಿಸಿ ಎಂದು ಕೇಳಲು ಆರು ವರ್ಷ ತೆಗೆದುಕೊಂಡವನು, "ಆಗಲ್ಲ! ಇವರು ಹೋಗಲೇಬೇಕು!" ಎಂದು ಕೂಗಿದ. ಇಡೀ ವಿಮಾನ ತಿರುಗಿ ನೋಡಿತು. ಗೊರಕೆಯವನ ಭುಜ ಹಿಡಿದು ಅಲ್ಲಾಡಿಸಿ ಎಬ್ಬಿಸಿದ. ಅತ್ತೆ ಮುಂದಿನ ಕುರ್ಚಿಯ ಬೆನ್ನು ಹಿಡಿದು ಎದ್ದರು, ಎದ್ದವರು ಅಲ್ಲೇ ನಿಂತುಬಿಟ್ಟರು. ಮುಖ ಬಿಳಿಚಿತ್ತು. ಕುರ್ಚಿಯ ಬಟ್ಟೆಯ ಮೇಲೆ ಕಪ್ಪಗೆ ಒದ್ದೆ ಹರಡಿತ್ತು.

ತಡವಾಗಿಹೋಗಿತ್ತು. ಅವನು ತನ್ನ ಕೋಟು ಕಳಚಿದ. ಏನೂ ಹೇಳದೆ ಅವರ ಸೊಂಟದ ಸುತ್ತ ಹಿಡಿದ. ಅತ್ತೆಯ ಬೆರಳುಗಳು ಯಾವ ಬಟ್ಟೆಯಾದರೂ ಸರಿ ತಾವಾಗಿಯೇ ಕೆಲಸ ಮಾಡುವಂಥವು, ಎರಡೂ ತೋಳನ್ನು ಮುಂದಕ್ಕೆ ಎಳೆದು ಒಂದೇ ಏಟಿಗೆ ಗಂಟು ಹಾಕಿಕೊಂಡವು. ಗೊರಕೆಯವನು ಒದ್ದೆಯನ್ನು ನೋಡಿದ, ಅವನನ್ನು ನೋಡಿದ, ಮತ್ತೆ ತನ್ನ ಕೈಯಲ್ಲಿದ್ದ ಪತ್ರಿಕೆಯನ್ನು ಮೆಲ್ಲಗೆ ಆ ಕುರ್ಚಿಯ ಮೇಲೆ ಹರಡಿ, ಏನೂ ಆಗದವನಂತೆ ಕಾಲು ಸರಿಸಿ ದಾರಿ ಬಿಟ್ಟ. ಇಷ್ಟು ಹೊತ್ತೂ ಆ ಮನುಷ್ಯನನ್ನು ಮನಸ್ಸಿನಲ್ಲೇ ಬೈದುಕೊಂಡದ್ದಕ್ಕೆ ಅವನಿಗೆ ಪಿಚ್ಚೆನಿಸಿತು.

ಹಿಂದುಗಡೆಯ ಶೌಚಾಲಯದ ಬಾಗಿಲು ಬೀರುವಿನ ಬಾಗಿಲಿಗಿಂತ ಕಿರಿದು. ಅತ್ತೆ ಒಳಗೆ ಕಾಲಿಟ್ಟವರು ತಿರುಗಿ, "ಬಾಗಿಲು ಹಾಕಬೇಡಿ," ಅಂದರು. "ಹಾಕಲ್ಲ ಅತ್ತೆ. ಹಿಡ್ಕೊಂಡಿರ್ತೀನಿ. ಆ ಕಡೆ ತಿರುಗಿ ನಿಂತಿರ್ತೀನಿ." ನಾಲ್ಕು ಬೆರಳು ಹಿಡಿಸುವಷ್ಟು ಸಂದು ಬಿಟ್ಟು ಬಾಗಿಲಿನ ಅಂಚನ್ನು ಹಿಂದೆ ಕೈಮಾಡಿ ಹಿಡಿದು, ಜನರ ಕಡೆಗೆ ಮುಖ ಮಾಡಿ ನಿಂತ. ಕೊನೆಯ ಸಾಲಿನಲ್ಲಿ ಮಗುವನ್ನು ಎತ್ತಿಕೊಂಡಿದ್ದ ಹೆಂಗಸೊಬ್ಬಳು ಅವನನ್ನೂ ಆ ಸಂದನ್ನೂ ನೋಡಿ ಮೂಗು ಮುರಿದಳು. ನೋಡಲಿ. ಷಡ್ಡಕನೂ ಬಂದು ನೋಡಲಿ. ವಿಮಾನ ಕುಲುಕಿದಾಗ ಬಾಗಿಲು ಅವನ ಬೆರಳನ್ನು ಒತ್ತುತ್ತಿತ್ತು, ನೋವಾಗುತ್ತಿತ್ತು, ಆ ನೋವು ಬೇಕಾಗಿತ್ತು ಅನಿಸುತ್ತಿತ್ತು. ಒಳಗೆ ನಲ್ಲಿಯ ಸದ್ದು, ಕಾಗದ ಹರಿದ ಸದ್ದು, ಮತ್ತೆ ನಲ್ಲಿ.

"ಅಲ್ಲೇ ಇದ್ದೀರಾ?"

"ಇದ್ದೀನಿ ಅತ್ತೆ."

"ಎದುರುಗಾಳಿನಾ?"

ಅವನಿಗೆ ತಿರುಗಿ ನೋಡಬೇಕೆನಿಸಿತು, ನೋಡುವಂತಿರಲಿಲ್ಲ. ನೋಡುವಂತಿಲ್ಲದ್ದೇ ಒಳ್ಳೆಯದಾಯಿತು. "ಅಲ್ಲ ಅತ್ತೆ," ಅಂದ. "ಈ ವಿಮಾನಕ್ಕೆ ಮೂರು ಗಂಟೆ ಹತ್ತು ನಿಮಿಷವೇ ಬೇಕು. ಸುತ್ತಿ ಬರುತ್ತೆ. ನಾನು ಬರೆದದ್ದು ನೇರ ಅಳತೆ. ಹಾಗೆ ಯಾರೂ ಹೋಗಲ್ಲ."

"ಗೊತ್ತಿರಲಿಲ್ವಾ?"

"ಬರೆದಾಗ ಗೊತ್ತಿರಲಿಲ್ಲ. ಟಿಕೆಟು ತೆಗೆದ ದಿನ ಗೊತ್ತಾಯ್ತು."

"ನಾನು ಮಾತ್ರೆ ನುಂಗುವಾಗ?"

"ಗೊತ್ತಿತ್ತು."

ಗಗನಸಖಿ ಬಂದು ಏನೋ ಹೇಳಿದಳು, ಅವನು ತಲೆಯಾಡಿಸಿದ, ಅವಳು ಹೋದಳು. ಒಳಗಿನಿಂದ ಉಸಿರಿನ ಸದ್ದು ಕೇಳುತ್ತಿತ್ತು. ಬೈಯಲಿ ಎಂದು ಕಾದ. ಅತ್ತೆ ಬೈಯುವುದನ್ನು ಅವನು ಬಲ್ಲ. ಗುಂಡಿಯ ಕಾಜಾ ಸರಿಯಾಗಿ ಹಾಕದ ಕೆಲಸದವಳನ್ನು ಅವರು ಬೈದರೆ ಬೀದಿಯ ಕೊನೆಗೆ ಕೇಳುತ್ತಿತ್ತು. ಅಂಥ ಬೈಗುಳ ಒಂದು ಬಿದ್ದಿದ್ದರೆ ಹಗುರವಾಗುತ್ತಿತ್ತು. ಬಂದದ್ದು ಅದಲ್ಲ. ಒಳಗಿನಿಂದ ಒಂದು ಕೈ ಬಂದು ಸಂದಿನಲ್ಲಿದ್ದ ಅವನ ಬೆರಳುಗಳನ್ನು ಗಟ್ಟಿಯಾಗಿ ಹಿಡಿಯಿತು.

"ನನ್ನ ತಂಗಿ ಇದ್ದಾಳೋ ಹೋದಳೋ? ನಿಜ ಹೇಳೋ."

ಹೇಳೋ. ಹದಿನಾಲ್ಕು ವರ್ಷ 'ನೀವು' ಬಿಟ್ಟು ಇಳಿಯದಿದ್ದ ನಾಲಿಗೆ. ಒಂದು ಗಂಟೆ ಇಪ್ಪತ್ತು ನಿಮಿಷದ ಸುಳ್ಳು ಇಷ್ಟು ದೂರ ಹೋಗುತ್ತದೆಂದು ಅವನು ಎಣಿಸಿರಲಿಲ್ಲ. ಹೊತ್ತಿನ ವಿಷಯದಲ್ಲಿ ಸುಳ್ಳು ಹೇಳಿ ಕರೆತಂದವನು ಜೀವದ ವಿಷಯದಲ್ಲಿ ಯಾಕೆ ಹೇಳಿರಬಾರದು? ಸತ್ತ ಮೇಲೆಯೂ 'ಹುಷಾರಿಲ್ಲ ಬನ್ನಿ' ಎಂದು ಮುದುಕರನ್ನು ಕರೆಸುವುದು ಅವರು ಕಾಣದ್ದೇ? ಇಷ್ಟು ಹೊತ್ತು ಕಿಟಕಿಯ ಬಿಳುಪನ್ನು ನೋಡುತ್ತಾ ಅವರು ಎಣಿಸುತ್ತಿದ್ದದ್ದು ಅದನ್ನೇ ಇರಬೇಕು. ಇದ್ದಾರೆ ಅತ್ತೆ, ಚೆನ್ನಾಗಿದ್ದಾರೆ, ಎಂದು ಬಾಯಿಗೆ ಬಂತು. ಅದೂ ನೂಲು ಹಿಡಿದು ಹೇಳಿದ ಹಾಗೆಯೇ ಎಂದು ಹೊಳೆದು ನಾಲಿಗೆ ತಡೆಯಿತು.

"ಬೆಳಿಗ್ಗೆ ಎಂಟೂವರೆಗೆ ಇದ್ದರು," ಅಂದ. "ನಿಮ್ಮ ಮಗಳ ಹತ್ತಿರ ನಾನೇ ಮಾತಾಡಿದೆ. ಅಕ್ಕ ಹೊರಟಳಾ ಅಂತ ಕೇಳಿದ್ರಂತೆ. ಅಷ್ಟು ನಿಜ. ಆಮೇಲೆ ಫೋನು ಆಫ್ ಮಾಡಿದೀವಿ. ಈಗ ಗೊತ್ತಿಲ್ಲ ಅತ್ತೆ. ನನಗೆ ಗೊತ್ತಿಲ್ಲ."

ಆರು ವರ್ಷದಲ್ಲಿ ಯಾವ ಪುಟದಲ್ಲೂ ಅವನು ಬರೆಯದ ಮಾತು ಅದು. ಕೈ ಸ್ವಲ್ಪ ಹೊತ್ತು ಹಾಗೇ ಹಿಡಿದಿತ್ತು, ಆಮೇಲೆ ಸಡಿಲವಾಯಿತು. ಬಾಗಿಲು ತಳ್ಳಿಕೊಂಡು ಅತ್ತೆ ಹೊರಗೆ ಬಂದರು. ಮುಖ ತೊಳೆದುಕೊಂಡಿದ್ದರು, ಕೋಟು ಬಿಗಿಯಾಗಿತ್ತು, ಕಣ್ಣು ಕೆಂಪಗಿತ್ತು.

"ಅಳತೆ ತಪ್ಪಿದಾಗ ನಾನು ಗಿರಾಕಿ ಎದುರು ನಿಂತು ಹೇಳ್ತಿದ್ದೆ," ಅಂದರು. "ಬೈಸ್ಕೊಳ್ತಿದ್ದೆ. ಒಬ್ಬಳು ನನ್ನ ಮುಖದ ಮೇಲೇ ಬಟ್ಟೆ ಎಸೆದಿದ್ಲು. ಮದುವೆಗೆ ನಾಲ್ಕು ದಿನ ಇತ್ತು, ಎಸೀದೆ ಏನು ಮಾಡ್ತಾಳೆ. ಆದ್ರೆ ತಪ್ಪಿದೆ ಅಂತ ಗೊತ್ತಿದ್ದೂ ಸುಮ್ಮನೆ ಮಡಿಸಿ ಕೈಗೆ ಕೊಟ್ಟವಳಲ್ಲ ನಾನು."

"ತಪ್ಪಾಯ್ತು ಅತ್ತೆ."

"ಆಯ್ತು. ನಡೀರಿ." ಮತ್ತೆ ಬಹುವಚನ. ಹಗುರವಾಗಲಿಲ್ಲ ಅವನಿಗೆ. ಕೂರುವಾಗ ಅತ್ತೆ ಪತ್ರಿಕೆಯನ್ನು ನೋಡಿ, ಗೊರಕೆಯವನಿಗೆ ಒಂದು ಸಣ್ಣ ನಮಸ್ಕಾರ ಮಾಡಿದರು. ಆ ಮನುಷ್ಯ ಗಡಿಬಿಡಿಯಿಂದ ಕೈ ಮುಗಿದು, ಇಳಿಯುವವರೆಗೂ ನಿದ್ದೆ ಬಂದವನ ಹಾಗೆ ನಟಿಸಿದ. ಉಳಿದ ಮುಕ್ಕಾಲು ಗಂಟೆ ಅತ್ತೆ ಏನನ್ನೂ ಕೇಳಲಿಲ್ಲ. ಕೇಳದಿದ್ದದ್ದೇ ಶಿಕ್ಷೆ. ಅವನು ತಾನಾಗಿ, "ಇನ್ನು ಹದಿನೈದು ನಿಮಿಷ ಇರಬಹುದು," ಅಂದ. "ಇರಬಹುದು," ಅಂದರು ಅವರು. ತಂಗಿಯ ವಿಷಯ ಮಾತ್ರ ಒಮ್ಮೆ ತಮ್ಮಷ್ಟಕ್ಕೆ ಹೇಳಿಕೊಂಡರು: ಚಿಕ್ಕವಳಿದ್ದಾಗ ಅಳತೆ ತೆಗೆಯಲು ನಿಲ್ಲಿಸಿದರೆ ಕಚಗುಳಿಯಾಗುತ್ತೆ ಅಂತ ಓಡುತ್ತಿದ್ದಳಂತೆ, ಒಂದು ಉಡುಪನ್ನೂ ಸರಿಯಾದ ಅಳತೆಗೆ ಹೊಲಿಯಲು ಬಿಟ್ಟವಳಲ್ಲವಂತೆ.

ಚಕ್ರ ನೆಲಕ್ಕೆ ತಾಗಿದ್ದು ಹನ್ನೆರಡು ಮೂವತ್ತೆರಡಕ್ಕೆ. ವಿಮಾನ ಇನ್ನೂ ಉರುಳುತ್ತಿರುವಾಗಲೇ ಅವನು ಫೋನು ಹೊತ್ತಿಸಿದ. ಅತ್ತೆಯ ಕೈಗೆ ಕೊಡಲು ಹೋದ, ಅವರು ಮುಟ್ಟಲಿಲ್ಲ. "ನೀವೇ ಕೇಳಿ. ಏನಿದೆಯೋ ಅದನ್ನ ಹೇಳಿ," ಅಂದು ಅವನ ಮುಖವನ್ನೇ ನೋಡುತ್ತಾ ಕೂತರು. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವ ಕಣ್ಣು ಅದು, ಒಂದು ಎಳೆ ತಪ್ಪಿದ್ದರೂ ಬಿಡುವಂಥದ್ದಲ್ಲ. ಒಂದೇ ರಿಂಗಿಗೆ ಹೆಂಡತಿ ಎತ್ತಿದಳು.

"ಅಮ್ಮ ಪಕ್ಕದಲ್ಲಿದ್ದಾಳಾ? ಮುಖದಲ್ಲಿ ಏನೂ ತೋರಿಸಬೇಡಿ," ಅಂದಳು. ಅತ್ತಿದ್ದಳು ಎಂದು ಧ್ವನಿಯಲ್ಲೇ ಗೊತ್ತಾಗುತ್ತಿತ್ತು. "ಹನ್ನೆರಡರವರೆಗೂ ಅಕ್ಕ ಬಂದ್ಲಾ, ಅಕ್ಕ ಬಂದ್ಲಾ ಅಂತಾನೇ ಇದ್ರು. ಆಮೇಲೆ ಎಚ್ಚರ ತಪ್ಪಿದೆ. ಉಸಿರಿದೆ. ಕಣ್ಣು ಬಿಡ್ತಿಲ್ಲ. ಮತ್ತೆ ಎಚ್ಚರ ಆಗುತ್ತೋ ಇಲ್ವೋ ಡಾಕ್ಟರಿಗೂ ಗೊತ್ತಿಲ್ಲ. ಅಮ್ಮನಿಗೆ ಹೇಳಬೇಡಿ ರೀ. ಔಷಧಿ ಕೊಟ್ಟು ಮಲಗಿಸಿದಾರೆ ಅನ್ನಿ, ಚೆನ್ನಾಗಿದ್ದಾರೆ ಅನ್ನಿ. ಇಲ್ಲಾಂದ್ರೆ ದಾರೀಲೇ ಕುಸಿದು ಬೀಳ್ತಾಳೆ. ನನ್ನಾಣೆ."

ಹನ್ನೆರಡರವರೆಗೂ. ಅವನ ಅಂಕಿ ನಿಜವಾಗಿದ್ದಿದ್ದರೆ ಹನ್ನೊಂದು ಹತ್ತಕ್ಕೆ ಇಳಿದು, ಹನ್ನೆರಡರೊಳಗೆ ಆ ಮಂಚದ ಪಕ್ಕದಲ್ಲಿ ಇರುತ್ತಿದ್ದರು. ಎರಡು ಊರಿನ ನಡುವೆ ನೇರವಾಗಿ ಒಂದು ದಾರಿ ಇದ್ದೇ ಇದ್ದು, ತಾನೇ ಅದನ್ನು ಕಳೆದುಹಾಕಿದ ಹಾಗೆ ಅವನಿಗನಿಸಿತು. ಜನ ಎದ್ದು ನಿಂತು ತಲೆಯ ಮೇಲಿಂದ ಚೀಲ ಎಳೆಯುತ್ತಿದ್ದರು. ಅತ್ತೆ ರೆಪ್ಪೆ ಬಡಿಯದೆ ನೋಡುತ್ತಿದ್ದರು. ಮಲಗಿದ್ದಾರೆ ಅಂದರೆ ಅರ್ಧ ಸುಳ್ಳು ಕೂಡ ಅಲ್ಲ. ಹೆಂಡತಿ ಆಣೆ ಬೇರೆ ಇಟ್ಟಿದ್ದಳು.

"ಇದ್ದಾರೆ ಅತ್ತೆ," ಅಂದ. "ಉಸಿರಿದೆ. ಹನ್ನೆರಡಕ್ಕೆ ಎಚ್ಚರ ತಪ್ಪಿದೆ, ಅಲ್ಲಿವರೆಗೂ ನಿಮ್ಮನ್ನೇ ಕೇಳ್ತಿದ್ರಂತೆ. ಮತ್ತೆ ಎಚ್ಚರ ಆಗುತ್ತೋ ಇಲ್ವೋ ಡಾಕ್ಟರಿಗೂ ಗೊತ್ತಿಲ್ಲ. ಇದನ್ನ ನಿಮಗೆ ಹೇಳಬೇಡಿ ಅಂದ್ಲು."

ಫೋನಿನಲ್ಲಿ ಹೆಂಡತಿ ಅಯ್ಯೋ ಅಂದದ್ದು ಇಬ್ಬರಿಗೂ ಕೇಳಿಸಿತು. ಅತ್ತೆ ಕಣ್ಣು ಮುಚ್ಚಿಕೊಂಡರು. ಕುಸಿಯುತ್ತಾರೆ ಎಂದು ಅವನು ತೋಳು ಚಾಚಿದ. ಅವರು ಕುಸಿಯಲಿಲ್ಲ. ಕಣ್ಣು ಬಿಟ್ಟು, "ಈಗ ಉಸಿರಿದೆ ತಾನೆ?" ಎಂದು ಕೇಳಿದರು.

"ಈಗ ಇದೆ."

"ಹಾಗಾದ್ರೆ ಏಳಿ. ಕೈ ಕೊಡಿ."

ಅವನ ಕೈ ಹಿಡಿದು ಎದ್ದರು. ಎದ್ದ ರಭಸಕ್ಕೆ ಕೋಟಿನ ಗಂಟು ಬಿಚ್ಚಿ ಅದು ಕಾಲ ಬಳಿ ಜಾರಿತು. ಅವನು ಬಗ್ಗಿ ಎತ್ತಿಕೊಂಡು ಮತ್ತೆ ಸುತ್ತಲು ಹೋದ. "ಬಿಡಿ, ಅದಕ್ಕೆಲ್ಲ ಹೊತ್ತಿಲ್ಲ," ಎಂದು ಅವನನ್ನು ಪಕ್ಕಕ್ಕೆ ಸರಿಸಿ, ಗೊರಕೆಯವನ ಮೊಣಕಾಲು ದಾಟಿ, ಅತ್ತೆ ದಾರಿಯ ನಡುವೆ ನಿಂತರು. ಹಿಂದೆ ಬಟ್ಟೆ ಸೊಂಟದಿಂದ ಕೆಳಗೆ ಒದ್ದೆಯಾಗಿ ಕಾಲಿಗೆ ಅಂಟಿಕೊಂಡಿತ್ತು, ಅಷ್ಟೂ ಜನಕ್ಕೆ ಕಾಣುತ್ತಿತ್ತು. ಮುಂದೆ ಬಾಗಿಲಿನವರೆಗೂ ಜನ ಚೀಲ ಹೊತ್ತು ಒತ್ತಾಗಿ ನಿಂತಿದ್ದರು.

"ಜರುಗ್ರಪ್ಪಾ, ದಾರಿ ಬಿಡಿ!" ಎಂದು ಅತ್ತೆ ಕೂಗಿದರು, ಬೀದಿಯ ಕೊನೆಗೂ ಕೇಳುವ ಧ್ವನಿಯಲ್ಲಿ. "ನನ್ನ ತಂಗಿ ಇನ್ನೂ ಇದ್ದಾಳೆ!"